ಹೊರಗೆ ಸೋರುವ ಪೆಟ್ರೋಲು, ಒಳಗೆ ನುಗ್ಗುವ ಗಾಳಿ

ಪಿಯುಸಿ ಮುಗಿಸಿ ಡಿಗ್ರಿಗೋ ಎಂಜಿನಿಯರಿಂಗಿಗೋ ಸೇರಿದ ಹುಡುಗರ ಕಣ್ಣು ಮೊದಲು ಬೀಳುವುದು ಮನೆಯ ಹಿಂದುಗಡೆ ಟಾರ್ಪಾಲು ಹೊದ್ದು ನಿಂತಿರುವ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ. ಅಪ್ಪನದೋ ಸೋದರಮಾವನದೋ ಆಗಿದ್ದ ಯಮಹಾ ಆರ್‌ಎಕ್ಸ್ 100 ಇರಬಹುದು, ಯೆಜ್ಡಿ ಇರಬಹುದು, ಇಲ್ಲವೇ ಹಳೆಯ ಹೀರೋ ಹೋಂಡಾ. ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದೂ 1996ರಲ್ಲೇ. ಅಂದರೆ ಓಡಿಸಲು ಹೊರಟ ಹುಡುಗನಿಗಿಂತ ಗಾಡಿಗೇ ವಯಸ್ಸು ಹೆಚ್ಚು. ಕಬ್ಬಿಣ, ಅಲ್ಯೂಮಿನಿಯಂ ಈ ವಯಸ್ಸನ್ನು ತಡೆದುಕೊಳ್ಳುತ್ತವೆ. ರಬ್ಬರ್ ತಡೆದುಕೊಳ್ಳುವುದಿಲ್ಲ.

ಇಂಥ ಗಾಡಿಗೆ ಹೊಸ ಟೈರು, ಹೊಸ ಬ್ಯಾಟರಿ ಹಾಕಿಸಿ, ಟ್ಯಾಂಕಿಗೆ ಬಣ್ಣ ಬಳಿಸಿ ಹೊರಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಕಷ್ಟ ಶುರುವಾಗುವುದು ಒಂದು ವಾರದ ನಂತರ. ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲ್ ವಾಸನೆ. ಸಿಗ್ನಲ್ಲಿನಲ್ಲಿ ನಿಂತರೆ ಸ್ಲೋ ನಿಲ್ಲುವುದಿಲ್ಲ, ಆಫ್ ಆಗುತ್ತದೆ. ಇಲ್ಲವೇ ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಅರಚುತ್ತಲೇ ಇರುತ್ತದೆ. ಚೋಕ್ ಎಳೆದರೆ ಮಾತ್ರ ಸರಿ ಓಡುತ್ತದೆ. ಇದೆಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು: 'ಕಾರ್ಬುರೇಟರ್ ಪ್ರಾಬ್ಲಂ'. ವಾಸ್ತವದಲ್ಲಿ ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಒಳಗಿರಬೇಕಾದ ಪೆಟ್ರೋಲು ಹೊರಗೆ ಬರುವುದು. ಇನ್ನೊಂದು, ಹೊರಗಿರಬೇಕಾದ ಗಾಳಿ ಒಳಗೆ ಹೋಗುವುದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಜೇಬಿಗೂ ತಾಗುತ್ತದೆ. ಆದ್ದರಿಂದ ಎಲ್ಲರೂ ಅದಕ್ಕೆ ಹೆದರುತ್ತಾರೆ. ಎರಡನೆಯದು ಕಾಣುವುದೂ ಇಲ್ಲ, ನಾರುವುದೂ ಇಲ್ಲ. ಹಾಗಾಗಿ ಸ್ಕ್ರೂ ತಿರುಗಿಸಿ ಅದನ್ನು ಮುಚ್ಚಿಡುವುದು ಬಹಳ ಸುಲಭ. ರಸ್ತೆಯ ಮಧ್ಯೆ ಪಿಸ್ಟನ್ ಹಿಡಿದುಕೊಳ್ಳುವಂತೆ ಮಾಡುವುದು ಈ ಎರಡನೆಯದೇ.

ಕಾರ್ಬುರೇಟರ್ ಎನ್ನುವುದು ಒಂದು ಸೋಜಿಗದ ಪಾತ್ರೆ. ಅದಕ್ಕೆ ಪಂಪಿಲ್ಲ, ಕರೆಂಟಿಲ್ಲ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಬರ್ನೌಲಿ ತತ್ವ ನೆನಪಿದೆಯೇ? ಡೇನಿಯಲ್ ಬರ್ನೌಲಿ 1738ರಲ್ಲಿ ತನ್ನ ಗ್ರಂಥದಲ್ಲಿ ಹೇಳಿದ್ದನ್ನು ಇಟಲಿಯ ವೆಂಚುರಿ 1797ರಲ್ಲಿ ಕಿರಿದಾದ ಕೊಳವೆಗಳ ಮೇಲೆ ಪ್ರಯೋಗ ಮಾಡಿ ವಿವರಿಸಿದ. ಕೊಳವೆ ಕಿರಿದಾದ ಕಡೆ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ. ಪಿಸ್ಟನ್ ಗಾಳಿಯನ್ನು ಎಳೆಯುವಾಗ ಕಾರ್ಬುರೇಟರಿನ ಗಂಟಲಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ವಾತಾವರಣದ ಪೂರ್ತಿ ಒತ್ತಡ ಇರುತ್ತದೆ. ಹೊರಗಿನ ಗಾಳಿ ಪೆಟ್ರೋಲನ್ನು ತಳ್ಳುತ್ತದೆ, ಅದು ಜೆಟ್ಟಿನ ಸಣ್ಣ ತೂತಿನ ಮೂಲಕ ಮೇಲೇರಿ ಸಿಂಪಡಿಕೆಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಶುದ್ಧ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸೇರಿದರೆ ಎರಡೂ ಪೂರ್ತಿಯಾಗಿ ಉರಿದುಹೋಗುತ್ತವೆ. ಈ ಲೆಕ್ಕ ಸರಿಯಾಗಬೇಕಾದರೆ ಎರಡು ಷರತ್ತುಗಳಿವೆ: ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಏರುಪೇರಾಗಬಾರದು, ಎಂಜಿನ್ ಎಳೆಯುವ ಗಾಳಿಯೆಲ್ಲ ಕಾರ್ಬುರೇಟರಿನ ಗಂಟಲಿನಿಂದಲೇ ಬರಬೇಕು. ಮೊದಲ ಷರತ್ತು ಮುರಿದರೆ ಪೆಟ್ರೋಲ್ ಸೋರುತ್ತದೆ, ಎರಡನೆಯದು ಮುರಿದರೆ ಗಾಳಿ ಕದ್ದು ಒಳಬರುತ್ತದೆ.

ಮೊದಲು ಕಣ್ಣಿಗೆ ಕಾಣುವುದನ್ನೇ ನೋಡಿಬಿಡೋಣ. ಸೆಕೆಂಡಿಗೆ ಒಂದು ಹನಿ ಎಂದರೆ ಏನು ಮಹಾ ಎನ್ನಿಸುತ್ತದೆ. ದಿನಕ್ಕೆ 86,400 ಸೆಕೆಂಡುಗಳು. ಒಂದು ಮಿಲಿಲೀಟರಿಗೆ 40 ಹನಿ ಎಂದು ಲೆಕ್ಕ ಹಿಡಿದರೂ ದಿನಕ್ಕೆ ಎರಡು ಲೀಟರಿಗೂ ಹೆಚ್ಚು. ಹಣದ ಮಾತು ಹಾಗಿರಲಿ. ನಮ್ಮ ಊರುಗಳಲ್ಲಿ ರಾತ್ರಿ ಗಾಡಿಯನ್ನು ನಿಲ್ಲಿಸುವುದೆಲ್ಲಿ? ಪಡಸಾಲೆಯಲ್ಲಿ, ನಡುಮನೆಗೆ ಹೋಗುವ ಓಣಿಯಲ್ಲಿ, ಮೆಟ್ಟಿಲ ಕೆಳಗೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯಂತೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆಯಷ್ಟು ಆವಿ ಸೇರಿದರೂ ಸಾಕು, ಒಂದು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬೆಳಗಿನ ಜಾವ ಹಚ್ಚುವ ದೇವರ ದೀಪ, ಒಲೆಯ ಲೈಟರ್, ನೆಲಮಟ್ಟದ ಯುಪಿಎಸ್‌ನ ಸ್ವಿಚ್ಚು ಯಾವುದಾದರೂ ಆ ಕಿಡಿಯಾಗಬಹುದು. ತಂದೆತಾಯಂದಿರಿಗೆ ಒಂದು ಕೋರಿಕೆ: ಮನೆಯೊಳಗೆ ಪೆಟ್ರೋಲ್ ವಾಸನೆ ಬಂದರೆ 'ಹಳೇ ಗಾಡಿ ಅಲ್ವೇ, ಇರುತ್ತೆ' ಎಂದು ಮಲಗಬೇಡಿ. ದೀಪದ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ತೆರೆಯಿರಿ, ಗಾಡಿಯ ಪೆಟ್ರೋಲ್ ಟ್ಯಾಪ್ ತಿರುಗಿಸಿ, ಗಾಡಿಯನ್ನು ತಳ್ಳಿಕೊಂಡು ಹೊರಗೆ ತನ್ನಿ. ಸ್ಟಾರ್ಟ್ ಮಾಡಿ ತರಬೇಡಿ.

ಸೋರುವುದು ಎಲ್ಲಿಂದ ಎಂದು ಹುಡುಕುವಾಗ ಹೆಚ್ಚಿನವರು ಹನಿ ಬೀಳುವ ಜಾಗ ನೋಡುತ್ತಾರೆ. ಹನಿ ಬೀಳುವುದು ಅತ್ಯಂತ ಕೆಳಗಿನ ತುದಿಯಿಂದ. ಸೋರಿಕೆ ಇರುವುದು ಮೇಲೆಲ್ಲೋ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಟ್ಯಾಪ್, ಪೈಪು, ಕಾರ್ಬುರೇಟರನ್ನು ಬಟ್ಟೆಯಿಂದ ಒಣಗುವಂತೆ ಒರೆಸಿ. ಕೆಳಗೆ ಹಳೆಯ ಪೇಪರ್ ಹಾಸಿ. (ಈ ಪುರವಣಿ ಬೇಡ, ಓದಿ ಮುಗಿಯಲಿ.) ಕಾರ್ಬುರೇಟರಿನ ಮೇಲೆ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಟ್ಯಾಪ್ ತೆರೆದು ಹತ್ತು ನಿಮಿಷ ಕಾಯಿರಿ. ಪೌಡರಿನ ಬಿಳುಪಿನಲ್ಲಿ ಕಪ್ಪು ಗೆರೆ ಎಲ್ಲಿಂದ ಇಳಿಯುತ್ತದೋ ಅದೇ ಮೂಲ.

ಗೆರೆ ಟ್ಯಾಪಿನ ಹಿಡಿಯ ಸುತ್ತಿನಿಂದ ಬಂದರೆ ಒಳಗಿನ ರಬ್ಬರ್ ಪ್ಯಾಕಿಂಗ್ ಗಟ್ಟಿಯಾಗಿದೆ. ಪೈಪಿನ ತುದಿಯಿಂದ ಬಂದರೆ ಪೈಪು ಒಣಗಿ ಬಿರಿದಿದೆ. ತುದಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿದರೆ ಸಣ್ಣ ಸಣ್ಣ ಸೀಳುಗಳು ಕಾಣುತ್ತವೆ. ತುದಿ ಕತ್ತರಿಸಿ ಮತ್ತೆ ಸಿಕ್ಕಿಸುವ ಉಳಿತಾಯ ಬೇಡ, ಇಡೀ ಪೈಪು ಬದಲಿಸಿ. ಬಟ್ಟಲು ಮತ್ತು ಕಾರ್ಬುರೇಟರ್ ಸೇರುವ ಅಂಚಿನಿಂದ ಬಂದರೆ ಪ್ಯಾಕಿಂಗ್ ಹೋಗಿದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಓವರ್‌ಫ್ಲೋ ಪೈಪಿನಿಂದ ಸುರಿಯುವುದು. ಅದು ಬಟ್ಟಲು ತುಂಬಿ ಚೆಲ್ಲುತ್ತಿದೆ ಎಂಬುದರ ಗುರುತು. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ಕಾಕ್ ಇರುತ್ತದಲ್ಲ, ಕಾರ್ಬುರೇಟರಿನಲ್ಲೂ ಅದೇ ಏರ್ಪಾಡು. ಬಟ್ಟಲಿನಲ್ಲಿ ತೇಲುವ ಫ್ಲೋಟು ಮೇಲೇರಿ ಒಂದು ಚೂಪು ಪಿನ್ನನ್ನು ಒತ್ತಿ ದಾರಿ ಮುಚ್ಚುತ್ತದೆ. ಟ್ಯಾಂಕಿನ ತುಕ್ಕಿನ ಒಂದು ಕಣ ಆ ಪಿನ್ನಿನ ತುದಿಯಲ್ಲಿ ಸಿಕ್ಕಿಕೊಂಡರೂ ದಾರಿ ಮುಚ್ಚುವುದಿಲ್ಲ. ಪಿನ್ನಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ: ಸುತ್ತ ಉಂಗುರದಂತೆ ಗೆರೆ ಬಿದ್ದಿದ್ದರೆ ಅದು ಸವೆದಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ: ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಪಿನ್ನು ಸ್ವಚ್ಛಗೊಳಿಸಿದ ಎರಡೇ ದಿನಕ್ಕೆ ಮತ್ತೆ ಚೆಲ್ಲಿದರೆ ಕಾರ್ಬುರೇಟರನ್ನು ಬೈಯಬೇಡಿ, ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ.

ಚೆಲ್ಲುವ ಪೆಟ್ರೋಲು ಯಾವಾಗಲೂ ಹೊರಗೇ ಬರುತ್ತದೆ ಎಂದೇನಿಲ್ಲ. ಓವರ್‌ಫ್ಲೋ ಪೈಪು ಕಟ್ಟಿಕೊಂಡಿದ್ದರೆ ಅದು ಎಂಜಿನ್ನಿನೊಳಗೆ ಇಳಿಯುತ್ತದೆ. ಟೂ ಸ್ಟ್ರೋಕ್ ಗಾಡಿಯಾದರೆ ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ, ಪ್ಲಗ್ ಬಿಚ್ಚಿದರೆ ಒದ್ದೆ. ಹೀರೋ ಹೋಂಡಾದಂಥ ಫೋರ್ ಸ್ಟ್ರೋಕ್ ಆದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲಿನ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲಿನ ವಾಸನೆ ಇದ್ದು, ಮಟ್ಟವೂ ಏರಿದ್ದರೆ ಸ್ಟಾರ್ಟ್ ಮಾಡದೆ ಆಯಿಲ್ ಬದಲಿಸಬೇಕು. ನೀರಾದ ಆಯಿಲು ಬೇರಿಂಗನ್ನು ಕಾಯುವುದಿಲ್ಲ. ಇದಕ್ಕೆಲ್ಲ ಕಾಸಿಲ್ಲದ ಮದ್ದೊಂದಿದೆ, ಹಿಂದಿನವರಿಗೆ ಅದು ಅಭ್ಯಾಸವಾಗಿತ್ತು: ಗಾಡಿ ನಿಲ್ಲಿಸಿದ ಕೂಡಲೇ ಟ್ಯಾಪ್ ಬಂದ್ ಮಾಡುವುದು. ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಅಂಥ ಟ್ಯಾಪ್ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಬಹುತೇಕ ಹೊಸ ಗಾಡಿಗಳೆಲ್ಲ ಅವೇ. ಹಾಗಾಗಿ ಹುಡುಗರಿಗೆ ಕೈ ಅಲ್ಲಿಗೆ ಹೋಗುವುದೇ ಇಲ್ಲ.

ಇನ್ನು ಕಾಣದ ಸೋರಿಕೆಗೆ ಬರೋಣ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ರಬ್ಬರಿನ ಒಂದು ಗಿಡ್ಡ ಕೊಳವೆಯೋ, ಪ್ಯಾಕಿಂಗು ಅಥವಾ ಓ ರಿಂಗ್ ಇರುವ ಜೋಡಣೆಯೋ ಇರುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಎಂಜಿನ್ ಆ ಬಿರುಕಿನಿಂದಲೂ ಗಾಳಿ ಎಳೆಯುತ್ತದೆ. ಆ ಗಾಳಿ ಕಾರ್ಬುರೇಟರಿನ ಗಂಟಲನ್ನು ದಾಟಿ ಬಂದದ್ದಲ್ಲ, ಅದರ ಜತೆ ಪೆಟ್ರೋಲಿಲ್ಲ. ಮಿಶ್ರಣ ತೆಳುವಾಗುತ್ತದೆ. ನಮ್ಮ ಮೆಕ್ಯಾನಿಕ್‌ಗಳ ಮಾತಿನಲ್ಲಿ 'ಏರ್ ಎಳೀತಿದೆ'. ಎಷ್ಟು ಸರಿಯಾದ ಮಾತು ನೋಡಿ. ಸೋರಿಕೆ ಎಂಬ ಶಬ್ದಕ್ಕಿಂತ ಇದು ವಿಷಯವನ್ನು ಚೆನ್ನಾಗಿ ಹೇಳುತ್ತದೆ.

ಸ್ಲೋದಲ್ಲಿ ಇದರ ಉಪದ್ರವ ಹೆಚ್ಚು, ಏಕೆ? ಆಕ್ಸಿಲೇಟರ್ ಮುಚ್ಚಿದಾಗ ಕಾರ್ಬುರೇಟರಿನ ಬಾಗಿಲು ಒಂದು ಸಣ್ಣ ಸಂದಿಯಷ್ಟೇ ತೆರೆದಿರುತ್ತದೆ. ಆ ಸಂದಿಯ ಪಕ್ಕದಲ್ಲಿ ಕೂದಲೆಳೆಯ ಬಿರುಕೂ ದೊಡ್ಡ ಪಾಲುದಾರ. ಪೂರ್ತಿ ತೆರೆದಾಗ ಹೆಬ್ಬಾಗಿಲ ಪಕ್ಕದ ಗವಾಕ್ಷಿಯಂತೆ ಅದು ಲೆಕ್ಕಕ್ಕೆ ಬಾರದು. ಹಾಗೆಂದೇ ಗಾಡಿ ವೇಗದಲ್ಲಿ ಚೆನ್ನಾಗಿ ಓಡುತ್ತಿದೆಯಲ್ಲ ಎಂಬ ಭ್ರಮೆ ಹುಟ್ಟುತ್ತದೆ. ಆಗುಂಬೆಯಂಥ ಘಾಟಿಯನ್ನು ಆಕ್ಸಿಲೇಟರ್ ಮುಚ್ಚಿ ಗೇರಿನಲ್ಲಿ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಬಾಗಿಲು ಮುಚ್ಚಿರುತ್ತದೆ. ಎಳೆತ ಅತಿ ಹೆಚ್ಚಿರುವುದು ಆಗಲೇ. ಬಿರುಕಿನಿಂದ ಗಾಳಿ ಭರದಿಂದ ನುಗ್ಗುತ್ತದೆ. ಯೆಜ್ಡಿಯಂಥ ಗಾಡಿಗಳಲ್ಲಿ ಇದು ಇನ್ನೂ ಕೆಟ್ಟದ್ದು. ಅಲ್ಲಿ ಟೂ ಟಿ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುವುದರಿಂದ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾದಂತೆ. ಆರ್‌ಎಕ್ಸ್ 100ರಲ್ಲಿ ಆಯಿಲಿಗೆ ಬೇರೆ ಪಂಪಿದೆ, ಆದರೂ ಶಾಖದ ಕಾಟ ತಪ್ಪಿದ್ದಲ್ಲ.

ಆ ಶಾಖದ ಲೆಕ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ಆರ್‌ಎಕ್ಸ್ 100ರ ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ 50 ಮಿ.ಮೀ.; ಗುಣಿಸಿದರೆ 98 ಸಿಸಿ ಬರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದು ಉಜ್ಜುವ ಸಿಲಿಂಡರಿನ ಒಳಮೈ ಕಬ್ಬಿಣದ್ದು. ಒಂದು ಡಿಗ್ರಿ ಬಿಸಿಯಾದರೆ ಅಲ್ಯೂಮಿನಿಯಂ ದಶಲಕ್ಷಕ್ಕೆ ಸುಮಾರು 23 ಪಾಲು, ಎರಕದ ಕಬ್ಬಿಣ ಸುಮಾರು 11 ಪಾಲು ಹಿಗ್ಗುತ್ತದೆ. ಎರಡೂ 100 ಡಿಗ್ರಿ ಬಿಸಿಯಾದವೆನ್ನಿ. 50 ಮಿ.ಮೀ. ಪಿಸ್ಟನ್ ಸುಮಾರು 0.115 ಮಿ.ಮೀ. ಹಿಗ್ಗಿದರೆ ಸಿಲಿಂಡರ್ 0.055 ಮಿ.ಮೀ. ಮಾತ್ರ. ವ್ಯತ್ಯಾಸ 0.06 ಮಿ.ಮೀ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಕಾರ್ಖಾನೆಯವರು ಬಿಡುವ ಜಾಗವೇ ಒಂದು ತಲೆಗೂದಲಿನಷ್ಟು. ಪಿಸ್ಟನ್ನುಗಳಲ್ಲಿ ಸಿಲಿಕಾನ್ ಬೆರೆಸಿ ಈ ಹಿಗ್ಗುವಿಕೆಯನ್ನು ಕೊಂಚ ತಗ್ಗಿಸಿರುತ್ತಾರೆ ನಿಜ. ಆದರೆ ಪಿಸ್ಟನ್ ಸಿಲಿಂಡರಿಗಿಂತ ಹೆಚ್ಚು ಬಿಸಿಯಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಮಿಶ್ರಣ ತೆಳುವಾದರೆ ಉರಿಯುವ ಶಾಖ ಏರುತ್ತದೆ, ಒಳಗೆ ಆವಿಯಾಗಿ ತಂಪು ನೀಡುತ್ತಿದ್ದ ಪೆಟ್ರೋಲೂ ಕಡಿಮೆ. ಉಳಿದಿದ್ದ ಕೂದಲೆಳೆಯ ಜಾಗ ಮುಚ್ಚಿಹೋಗುತ್ತದೆ. ಪಿಸ್ಟನ್ ಹಿಡಿದುಕೊಂಡ ಆ ಕ್ಷಣ ಹಿಂದಿನ ಚಕ್ರವೂ ನಿಲ್ಲುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಏನಾದೀತೆಂದು ಹೇಳಬೇಕಿಲ್ಲ.

ಅದಕ್ಕೇ ಹಳೆಯ ಟೂ ಸ್ಟ್ರೋಕ್ ಓಡಿಸುವವರು ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟಿರುತ್ತಿದ್ದರು. ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಬಿಗಿದಂತಾಗಿ, ಗಾಡಿ ಯಾರೋ ಹಿಂದಿನಿಂದ ಎಳೆದಂತೆ ನಿಧಾನವಾದರೆ ಯೋಚನೆಗೆ ಸಮಯವಿಲ್ಲ, ಕ್ಲಚ್ ಹಿಡಿದು ಅಂಚಿಗೆ ಬರಬೇಕು. ಹೊಸದಾಗಿ ಕಲಿಯುವ ಮಗನಿಗೋ ಮಗಳಿಗೋ ಬ್ರೇಕ್ ಹಿಡಿಯುವುದನ್ನು ಕಲಿಸುವಾಗಲೇ ಇದನ್ನೂ ಕಲಿಸಿ.

ಗಾಳಿ ಎಳೆಯುತ್ತಿದೆ ಎಂಬುದರ ಗುರುತುಗಳು ಇವು. ಆಕ್ಸಿಲೇಟರ್ ಬಿಟ್ಟ ಮೇಲೆ ಎಂಜಿನ್ ಕೂಡಲೇ ಇಳಿಯದೆ ಮೇಲೆಯೇ ತೇಲಾಡಿ ನಂತರ ಇಳಿಯುತ್ತದೆ. ತಣ್ಣಗಿದ್ದಾಗ ಒಂದು ರೀತಿ, ಬಿಸಿಯಾದ ಮೇಲೆ ಇನ್ನೊಂದು ರೀತಿ. ಚೋಕ್ ಅರ್ಧ ಎಳೆದರೆ ಹುಷಾರು, ಬಿಟ್ಟರೆ ಮತ್ತೆ ಕಾಯಿಲೆ. ಪ್ಲಗ್ಗಿನ ತುದಿ ಕಾಫಿಬಣ್ಣದ ಬದಲು ಸುಣ್ಣ ಬಳಿದಂತೆ ಬೆಳ್ಳಗೆ. ಏರ್ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಎಂಜಿನ್ ಕಿವಿಗೊಡುವುದಿಲ್ಲ. ಇವುಗಳಲ್ಲಿ ಕೆಲವು ಪೈಲಟ್ ಜೆಟ್ ಕಟ್ಟಿಕೊಂಡಾಗಲೂ ಬರುತ್ತವೆ, ಒಪ್ಪೋಣ. ವ್ಯತ್ಯಾಸವೇನೆಂದರೆ, ಕಟ್ಟಿಕೊಂಡ ಜೆಟ್ಟು ಇವತ್ತೂ ನಾಳೆಯೂ ಒಂದೇ ಥರ ಕಾಡುತ್ತದೆ. ಬಿರುಕು ಬಿಟ್ಟ ರಬ್ಬರಿಗೆ ಮನಸ್ಸು ಒಂದೇ ಕಡೆ ನಿಲ್ಲದು. ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರನ್ನು ಕೈಯಲ್ಲಿ ಸ್ವಲ್ಪ ಆಚೀಚೆ ಅಲುಗಿಸಿ. ಸದ್ದು ಬದಲಾದರೆ ಅರ್ಧ ಉತ್ತರ ಸಿಕ್ಕಿತು.

ಇಲ್ಲೇ ನಮ್ಮ ಬೀದಿಬದಿಯ ಚಿಕಿತ್ಸೆಯ ಬಗ್ಗೆ ನನ್ನ ತಕರಾರು. ಸ್ಲೋ ನಿಲ್ಲುತ್ತಿಲ್ಲ ಎಂದ ಕೂಡಲೇ ಸ್ಕ್ರೂಡ್ರೈವರ್ ತೆಗೆದು ಐಡ್ಲಿಂಗ್ ಸ್ಕ್ರೂವನ್ನು ಎರಡು ಸುತ್ತು ಒಳಕ್ಕೆ ತಿರುಗಿಸುತ್ತಾರೆ. ಗಾಡಿ ನಿಲ್ಲದೆ ಓಡುತ್ತದೆ, ಹುಡುಗ ಖುಷಿಯಿಂದ ಹೋಗುತ್ತಾನೆ. ಜ್ವರಕ್ಕೆ ಕಾರಣ ಹುಡುಕದೆ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದ ಹಾಗಾಯಿತು ಇದು. ಗಾಳಿ ಎಳೆಯುವುದು ಹಾಗೆಯೇ ಮುಂದುವರಿಯುತ್ತದೆ, ಎಚ್ಚರಿಕೆ ಕೊಡುತ್ತಿದ್ದ ಒಂದೇ ಲಕ್ಷಣ ಮಾತ್ರ ಮಾಯ. ನಾಲ್ಕು ನೂರು ಕಿಲೋಮೀಟರ್ ಆದ ಮೇಲೆ ಪಿಸ್ಟನ್ ಹೋದರೆ 'ಆಯಿಲ್ ಸರಿ ಇರಲಿಲ್ಲ' ಎನ್ನುತ್ತಾರೆ. ರಬ್ಬರಿನ ಖರ್ಚೆಷ್ಟು, ಸಿಲಿಂಡರ್ ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವ ಖರ್ಚೆಷ್ಟು ಎಂದು ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ಕೇಳಿ ನೋಡಿ. ಹಾಗೆಂದು ಎಲ್ಲ ಮೆಕ್ಯಾನಿಕ್‌ಗಳೂ ಹೀಗೆ ಎಂದಲ್ಲ. ಸ್ಕ್ರೂ ಮುಟ್ಟುವ ಮೊದಲು ಎಂಜಿನ್ನಿನ ಸದ್ದಿಗೆ ಕಿವಿಗೊಡುವವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿದ್ದಾರೆ. ಅಂಥವರ ಅಂಗಡಿಯ ಮುಂದೆ ಸಾಲು ಇರುತ್ತದೆ, ಕಾಯುವುದು ಲೇಸು.

ಬಿರುಕು ಹುಡುಕಲು ಕೆಲವರು ಎಂಜಿನ್ ಓಡುವಾಗ ಜೋಡಣೆಗಳ ಮೇಲೆ ಸಿರಿಂಜಿನಿಂದ ಪೆಟ್ರೋಲ್ ಬಿಡುತ್ತಾರೆ, ಇಲ್ಲವೇ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಕೆಳಗೆ ಕಾದ ಸೈಲೆನ್ಸರ್, ಪಕ್ಕದಲ್ಲಿ ಪ್ಲಗ್ಗಿನ ಕಿಡಿ. ಈ ಸಾಹಸವನ್ನು ವಿದ್ಯಾರ್ಥಿಗಳು ಮಾಡಕೂಡದು. ನೀರೇ ಸಾಕು. ಬಟ್ಟೆಗೆ ಇಸ್ತ್ರಿ ಹಾಕುವಾಗ ಬಳಸುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಎಂಜಿನ್ ಸ್ಲೋದಲ್ಲಿರುವಾಗ ರಬ್ಬರ್ ಕೊಳವೆಯ ಮೇಲೆ, ಕ್ಲ್ಯಾಂಪಿನ ಅಂಚಿನಲ್ಲಿ ಒಂದೊಂದು ಕಡೆ ಒಂದೊಂದು ಸಲ ಚಿಮುಕಿಸಿ. ನೀರು ಬಿರುಕನ್ನು ಅರೆಕ್ಷಣ ಮುಚ್ಚುತ್ತದೆ. ಆಗ ಸದ್ದು ಬದಲಾಯಿತೆನ್ನಿ, ಜಾಗ ಅದೇ. ಒಂದೇ ಸಲ ಎಲ್ಲ ಕಡೆ ಚಿಮುಕಿಸಿದರೆ ಏನೂ ತಿಳಿಯದು. ಇದಕ್ಕೊಂದು ನೋಟ್ ಪುಸ್ತಕ ಇಡಿ. ಪ್ರಯೋಗಶಾಲೆಯಲ್ಲಿ ರೆಕಾರ್ಡ್ ಬರೆಯುವಂತೆ ಏನು ಮಾಡಿದಿರಿ, ಏನಾಯಿತು ಎಂದು ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಜೆಟ್ಟನ್ನೂ ಪ್ಲಗ್ಗನ್ನೂ ರಬ್ಬರನ್ನೂ ಒಟ್ಟಿಗೆ ಬದಲಿಸಿದವನ ಗಾಡಿ ಸರಿಹೋದರೂ ಕಾಯಿಲೆ ಯಾವುದೆಂದು ಅವನಿಗೆ ಗೊತ್ತಿರುವುದಿಲ್ಲ.

ಹೀರೋ ಹೋಂಡಾ ಮಾದರಿಯ ಗಾಡಿಗಳಲ್ಲಿ ಕಾರ್ಬುರೇಟರನ್ನು ಎರಡು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಗಾಳಿ ಎಳೆಯುತ್ತಿದೆ ಎಂದು ಬೋಲ್ಟನ್ನು ಇನ್ನೂ ಇನ್ನೂ ಬಿಗಿದರೆ ಮೆತ್ತನೆಯ ಲೋಹದ ಅಂಚು ಬಿಲ್ಲಿನಂತೆ ಬಾಗಿ, ನಡುವೆ ಸಂದಿ ಹೆಚ್ಚುತ್ತದೆ. ಬಿಚ್ಚಿ, ಅಂಚಿನ ಮೇಲೆ ಸ್ಟೀಲ್ ಸ್ಕೇಲನ್ನು ನೆಟ್ಟಗೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸ್ಕೇಲಿನ ಕೆಳಗೆ ಬೆಳಕು ಕಂಡರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಹಾಳೆ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಬೇಕು. ಆಮೇಲೆ ಹೊಸ ಓ ರಿಂಗ್ ಹಾಕಿ ಎರಡೂ ಬೋಲ್ಟನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರೆ ಸಾಕು.

ಟೂ ಸ್ಟ್ರೋಕಿನಲ್ಲಿ ಇನ್ನೊಂದು ಗುಟ್ಟಿನ ಜಾಗವಿದೆ. ಅದರಲ್ಲಿ ಗಾಳಿ ಪೆಟ್ರೋಲ್ ಮಿಶ್ರಣ ಮೊದಲು ಹೋಗುವುದು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ. ಕ್ರ್ಯಾಂಕ್‌ನ ಎರಡೂ ತುದಿಯಲ್ಲಿ ರಬ್ಬರಿನ ಆಯಿಲ್ ಸೀಲುಗಳಿವೆ. ವರ್ಷಗಟ್ಟಲೆ ಓಡದೆ ನಿಂತ ಗಾಡಿಯಲ್ಲಿ ಅವು ಗಟ್ಟಿಯಾಗಿರುತ್ತವೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಕುಡಿಯುತ್ತದೆ: ದಟ್ಟ ಬಿಳಿ ಹೊಗೆ, ಗೇರ್ ಆಯಿಲಿನ ಮಟ್ಟ ಇಳಿಯುತ್ತಾ ಹೋಗುವುದು. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ, ಬರೀ ಗಾಳಿ. ಹೊರಗಿನ ರಬ್ಬರನ್ನೆಲ್ಲ ಬದಲಿಸಿದರೂ ರೋಗ ಹೋಗದಿದ್ದರೆ ಸಂಶಯ ಇದರ ಮೇಲೆ ಬರಬೇಕು.

ಇದನ್ನು ಪರೀಕ್ಷಿಸಲು ಡಾಕ್ಟರರ ಹಳೆಯ ಬಿ.ಪಿ. ಉಪಕರಣ ಸಾಕು, ಗಡಿಯಾರದಂಥ ಮುಖ ಇರುವುದು. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಿಚ್ಚಿ, ಆ ತೂತನ್ನು ರಬ್ಬರ್ ತುಂಡು ಮತ್ತು ತಗಡಿನಿಂದ ಮುಚ್ಚುತ್ತಾರೆ. ಕಾರ್ಬುರೇಟರ್ ತೆಗೆದು, ಅದು ಕೂರುವ ರಬ್ಬರ್ ಕೊಳವೆಗೆ ಒಂದು ಬಿರಡೆ ಹಾಕಿ, ಬಿರಡೆಯ ನಡುವಿನ ನಳಿಗೆಗೆ ಬಿ.ಪಿ. ಉಪಕರಣದ ಬುಗ್ಗೆಯನ್ನೂ ಮೀಟರನ್ನೂ ಸೇರಿಸುತ್ತಾರೆ. ಪ್ಲಗ್ ಬಿಗಿಯಾಗಿರಬೇಕು, ಪಿಸ್ಟನ್ ಕೆಳಗಿನ ತುದಿಯಲ್ಲಿರಬೇಕು. ಬುಗ್ಗೆ ಒತ್ತಿ ಮುಳ್ಳನ್ನು 250ರವರೆಗೆ ಏರಿಸಿ. ಅದಕ್ಕಿಂತ ಹೆಚ್ಚು ಬೇಡ, ಸೀಲೇ ಕಿತ್ತು ಬಂದೀತು. ಆರೋಗ್ಯವಂತ ಎಂಜಿನ್ನಿನಲ್ಲಿ ಮುಳ್ಳು ನಿಮಿಷಗಟ್ಟಲೆ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಕಣ್ಣೆದುರೇ ಸರಸರನೆ ಇಳಿದರೆ ಸೋಪಿನ ನೊರೆಯನ್ನು ಜೋಡಣೆಗಳಿಗೆ, ಮ್ಯಾಗ್ನೆಟ್ ಕಡೆಯ ಸೀಲಿಗೆ ಹಚ್ಚಿ ನೋಡಿ. ಗುಳ್ಳೆ ಏಳುವಲ್ಲಿ ಕಳ್ಳನಿದ್ದಾನೆ. ಗುಳ್ಳೆ ಎಲ್ಲೂ ಇಲ್ಲ, ಮುಳ್ಳು ಮಾತ್ರ ಇಳಿಯುತ್ತಿದೆಯೇ? ಗೇರ್ ಆಯಿಲ್ ಹಾಕುವ ಮುಚ್ಚಳ ತೆಗೆದು ಕಿವಿ ಇಟ್ಟು ಕೇಳಿ. ಉಸಿರಾಟದ ಸದ್ದು ಬಂದರೆ ಕ್ಲಚ್ ಕಡೆಯ ಸೀಲು. ಸೀಲ್ ಬದಲಿಸುವ ಕೆಲಸವನ್ನು ಮಾತ್ರ ಅನುಭವಸ್ಥರಿಗೆ ಬಿಡಿ.

ಈಗಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2025ರಲ್ಲಿ ಇಡೀ ದೇಶದಲ್ಲಿ ಆ ಪ್ರಮಾಣ ಮುಟ್ಟಿತೆಂದು ಸರಕಾರ ಹೇಳಿತು. ಹಳೆಯ ಗಾಡಿಗಳ ರಬ್ಬರನ್ನು ಆರಿಸುವಾಗ ಎಥನಾಲಿನ ಯೋಚನೆ ಯಾರಿಗೂ ಇರಲಿಲ್ಲ. ಕೆಲವು ಜಾತಿಯ ರಬ್ಬರ್ ಅದರಲ್ಲಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ನೀರಿನ ಅಂಶ ತಳಕ್ಕೆ ಇಳಿದು ತುಕ್ಕಿಗೆ ದಾರಿಯಾಗಬಹುದು. ಜತೆಗೆ ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ತೂಕದಲ್ಲಿ ಸುಮಾರು ಒಂಬತ್ತು ಪಾಲು ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಹಳೆಯ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ ಮೊದಲೇ ಸ್ವಲ್ಪ ತೆಳು. ಅದರ ಮೇಲೆ ಬಿರುಕಿನ ಗಾಳಿಯೂ ಸೇರಿತೆಂದರೆ ಹಿಂದೆ ಸಹಿಸಿಕೊಳ್ಳುತ್ತಿದ್ದ ಎಂಜಿನ್ ಈಗ ಸಹಿಸಲಾರದು. ಪ್ಯಾಕಿಂಗಿಗೆ ಶೆಲಾಕ್ ಹಚ್ಚುವ ಹಳೆಯ ಪದ್ಧತಿಯನ್ನೂ ಕೈಬಿಡಬೇಕು. ಶೆಲಾಕ್ ಎಂದರೆ ಅರಗು; ಬಡಗಿಗಳು ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಮರಕ್ಕೆ ಪಾಲಿಶ್ ಮಾಡುತ್ತಾರೆ. ಆಲ್ಕೋಹಾಲಿನಲ್ಲಿ ಕರಗುವ ಅಂಟನ್ನು ಆಲ್ಕೋಹಾಲ್ ಬೆರೆತ ಪೆಟ್ರೋಲಿನ ಎದುರು ನಂಬುವುದೆಂತು? ಸಾಮಾನ್ಯ ಸಿಲಿಕೋನ್ ಅಂಟೂ ಪೆಟ್ರೋಲಿನಲ್ಲಿ ಊದಿ ಚೂರಾಗಿ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಎಥನಾಲ್ ತಾಳುವ ಪೈಪು, ಹೊಸ ಪ್ಯಾಕಿಂಗು ಕೇಳಿ ತನ್ನಿ, ಅಂಟು ಬೇಡ.

ಪೋಷಕರು ಮರೆಯಬಾರದ ಇನ್ನೊಂದು ಸಂಗತಿ, ಈ ಗಾಡಿಗಳನ್ನು ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ತಂದೆತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಕಾನೂನಿದೆ. ಹದಿನಾರರ ಹುಡುಗ ಕಾರ್ಬುರೇಟರ್ ಬಿಚ್ಚಿ ಜೋಡಿಸುವುದನ್ನು ಮಾತ್ರ ಯಾವ ಕಾನೂನೂ ತಡೆಯುವುದಿಲ್ಲ. ರಜೆಯಲ್ಲಿ ಅವನಿಗೆ ಆ ಕೆಲಸ ಕೊಡಿ. ಕಿಟಕಿ ತೆರೆದ ಜಾಗದಲ್ಲಿ, ದೊಡ್ಡವರೊಬ್ಬರು ಹತ್ತಿರವಿರುವಾಗ, ಪಕ್ಕದಲ್ಲಿ ಒಂದು ಬಕೆಟ್ ಮರಳಿಟ್ಟುಕೊಂಡು. ಪೆಟ್ರೋಲಿನ ಬೆಂಕಿಗೆ ನೀರು ಎರಚಿದರೆ ಅದು ಹರಡುತ್ತದೆ, ಮರಳು ಮುಚ್ಚಿ ಆರಿಸುತ್ತದೆ.

ರಬ್ಬರು, ಸೀಲು ಬದಲಾದ ಮೇಲೆ ಹಳೆಯ ಸ್ಕ್ರೂ ಲೆಕ್ಕ ನಡೆಯದು. ಐಡ್ಲಿಂಗ್ ಸ್ಕ್ರೂವನ್ನು ಹೊರಕ್ಕೆ ಬಿಡಿಸಿ. ಏರ್ ಸ್ಕ್ರೂವನ್ನು ಮೆಲ್ಲಗೆ, ತಾಗುವವರೆಗೆ ಮಾತ್ರ ಒಳಕ್ಕೆ ತಿರುಗಿಸಿ, ಗಾಡಿಯ ಕೈಪಿಡಿ ಹೇಳಿದಷ್ಟು ಸುತ್ತು ಹೊರಕ್ಕೆ ತನ್ನಿ. ಎಂಜಿನ್ ಹದವಾಗಿ ಬಿಸಿಯಾದ ಮೇಲೆ ಕಾಲು ಸುತ್ತಿನ ಲೆಕ್ಕದಲ್ಲಿ ಆಚೀಚೆ ಮಾಡಿ, ಎಂಜಿನ್ ಅತಿ ಸರಾಗವಾಗಿ ಓಡುವ ಜಾಗ ಹುಡುಕಿ, ಆಮೇಲೆ ಸ್ಲೋ ಹೊಂದಿಸಿ. ಹತ್ತು ಕಿಲೋಮೀಟರ್ ಹೋಗಿ ಬಂದು ಪ್ಲಗ್ ಬಿಚ್ಚಿ ನೋಡಿ, ಕಾಫಿಬಣ್ಣ ಬಂದಿದೆಯೇ ಎಂದು. ಮತ್ತೆ ಹಾಕುವಾಗ ಮೊದಲ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಒಮ್ಮೆ ಕೆಟ್ಟರೆ ಅಲ್ಲಿಂದಲೂ ಗಾಳಿ ಸೋರಲು ಶುರುವಾಗುತ್ತದೆ.